ಹೆಬ್ಬೆಟ್ಟು ಬೀಗವಾದ ಕಥೆ: ಶಾಸನದ ಶಾಪದಿಂದ ‘ಭೂಮಿ’ ಕಂಪ್ಯೂಟರಿನವರೆಗೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇವೆ.)

ಕಥೆ ಶುರು ಮಾಡೋಕೆ ಮುಂಚೆ ಒಂದು ಸಣ್ಣ ಕೆಲಸ ಹೇಳ್ತೀನಿ. ಫೋನಿನ ಸೆಟ್ಟಿಂಗ್ಸ್ ತೆಗೀರಿ. ಸ್ಕ್ರೀನ್ ಲಾಕ್ ಆನ್ ಇದೆಯಾ? ಕೊನೇ ಅಪ್‌ಡೇಟ್ ಯಾವಾಗ ಆಗಿದ್ದು? ಎಲ್ಲಿಂದಲೋ ಬಂದ ಆ್ಯಪ್ ಹಾಕಿಕೊಳ್ಳೋಕೆ ಅನುಮತಿ ಕೊಟ್ಟು ಬಿಟ್ಟಿದ್ದೀರಾ?

ಈ ಮೂರಕ್ಕೂ ಸರಿಯಾದ ಉತ್ತರ ಇದ್ರೆ, ನಿಮ್ಮ ಫೋನಿಗೆ ಒಂದು ‘ಕಾನ್ಫಿಗರೇಷನ್ ಸ್ಟ್ಯಾಂಡರ್ಡ್’ ಇದೆ ಅಂತ ಅರ್ಥ. ದೊಡ್ಡ ಪದ ಅಂತ ಹೆದರಬೇಡಿ. ಯಂತ್ರ ಹೀಗೇ ಇರಬೇಕು, ಇದರೊಳಗೆ ಇಂಥವರೇ ಇಷ್ಟೇ ಮಾಡಬೇಕು ಅನ್ನೋ ಕಟ್ಟಳೆ, ಅಷ್ಟೇ. ಒಂದು ಫೋನಿಗಾದ್ರೆ ಈ ಕಟ್ಟಳೆ ಸುಲಭ. ಆದ್ರೆ 177 ಕಚೇರಿ, ಸುಮಾರು 9,000 ನೌಕರರು, 2 ಕೋಟಿ ದಾಖಲೆ ಇದ್ರೆ? ಕಟ್ಟಳೆ ಬರೆಯೋರು ಯಾರು? ಪಾಲಿಸಿದ್ರಾ ಅಂತ ನೋಡೋರು ಯಾರು? ತಪ್ಪಿದ್ರೆ ತಿದ್ದೋರು ಯಾರು?

ಇದೆಲ್ಲ ಬೆಂಗಳೂರಿನ ಐಟಿ ಕಂಪನಿಗಳ ಸಂಗತಿ ಅಂದ್ಕೊಂಡ್ರೆ ತಪ್ಪು. ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕು ಕಚೇರಿಗಳಲ್ಲಿ ಇದು ಇಪ್ಪತ್ತು ವರ್ಷಕ್ಕೂ ಹಿಂದೆಯೇ ನಡೆದು ಹೋಗಿದೆ. ಇವತ್ತಿನ ಕಥೆ ಅದೇ. ನಮ್ಮ ಅಜ್ಜನೂ ಇದರೊಳಗೆ ಒಂದು ಪಾತ್ರ.

ಅಜ್ಜ ಅಜ್ಜಿಯಾದ ದಿನ

ಆಗ ನಾನು ಎಂಟನೇ ಕ್ಲಾಸು. ಊರು ಈ ನಾಲ್ಕು ತಾಲ್ಲೂಕುಗಳಲ್ಲಿ ಒಂದರಲ್ಲಿ, ಯಾವುದು ಅಂತ ಹೇಳೋದು ಬೇಡ. ಸೊಸೈಟಿಯಲ್ಲಿ ಬೆಳೆಸಾಲ ತೆಗೆಯೋಕೆ ಅಜ್ಜನಿಗೆ ಉತಾರ ಬೇಕಿತ್ತು. ದಕ್ಷಿಣದ ಕಡೆ ಕೇಳ್ತಿರೋರಿಗೆ ಹೇಳ್ತೀನಿ, ನೀವು ಪಹಣಿ ಅಥವಾ ಆರ್‌ಟಿಸಿ ಅಂತೀರಲ್ಲ, ಅದನ್ನೇ ನಮ್ಮ ಕಡೆ ಉತಾರ ಅನ್ನೋದು. ಈ ಹೊಲ ಯಾರದ್ದು, ಎಷ್ಟು ಎಕರೆ ಎಷ್ಟು ಗುಂಟೆ, ಏನು ಬೆಳೆ, ಮೇಲೆ ಸಾಲ ಎಷ್ಟಿದೆ, ಎಲ್ಲ ಅದರಲ್ಲಿ ಇರುತ್ತೆ.

ಅಲ್ಲಿವರೆಗೆ ಉತಾರ ಬೇಕಂದ್ರೆ ತಲಾಠಿಯನ್ನ ಹುಡುಕಬೇಕಿತ್ತು. ಗ್ರಾಮ ಲೆಕ್ಕಿಗರು ಅಂತ ಆಗ ಕರೀತಿದ್ದೋರನ್ನ ಹಳಬರು ಇವತ್ತಿಗೂ ತಲಾಠಿ ಅಂತಾರೆ. ಒಬ್ಬರಿಗೆ ಮೂರು ನಾಲ್ಕು ಹಳ್ಳಿ. ಇಲ್ಲಿ ಹೋದ್ರೆ ಅಲ್ಲಿಗೆ ಹೋಗಿದಾರೆ ಅನ್ನೋರು, ಅಲ್ಲಿ ಹೋದ್ರೆ ದಫ್ತರ ಇಲ್ಲಿ ಐತಿ ಅನ್ನೋರು. ಆ ವರ್ಷ ಮಾತ್ರ ಅಜ್ಜ ನನ್ನನ್ನ ಕರ್ಕೊಂಡು ತಾಲ್ಲೂಕು ಕಚೇರಿಗೇ ಹೋದ. ಪಾಳಿ ಹಚ್ಚಿ, 15 ರೂಪಾಯಿ ಕೊಟ್ಟು, ಪ್ರಿಂಟಾದ ಉತಾರ ಕೈಗೆ ತಗೊಂಡ. ಹಾಳೆ ಇನ್ನೂ ಬೆಚ್ಚಗಿತ್ತು.

“ತಮ್ಮಾ, ಓದು ನೋಡೂಣು.”

ನಾನು ಓದಿದೆ. ಸರ್ವೆ ನಂಬರ್ ಸರಿ, ಎಕರೆ ಸರಿ. ಅಜ್ಜನ ಹೆಸರಿನ ಕೊನೆಯ ‘ಪ್ಪ’ ಇರಬೇಕಾದ ಜಾಗದಲ್ಲಿ ‘ವ್ವ’ ಇತ್ತು. ನಮ್ಮಜ್ಜ ಸರ್ಕಾರದ ಲೆಕ್ಕದಲ್ಲಿ ಅಜ್ಜಿ ಆಗಿಬಿಟ್ಟಿದ್ದ!

ಕೌಂಟರಿನ ಹುಡುಗನಿಗೆ ಅಜ್ಜ ಹೇಳಿದ, “ಒಂದಕ್ಷರ ಅಲ್ಲೇನಪಾ, ತಿದ್ದಿ ಕೊಡು.” ಅವನು ಕೈ ಮುಗಿದಂಗೆ ಮಾಡಿ, “ಯಜಮಾನ್ರ, ನನಗ ತಿದ್ದಾಕ ಬರೂದಿಲ್ರಿ. ಮಿಷಿನ್ನ ಬಿಡೂದಿಲ್ಲ” ಅಂದ.

ಮಿಷಿನ್ ಯಾಕೆ ಬಿಡಲಿಲ್ಲ ಅನ್ನೋದು ತಿಳೀಬೇಕಂದ್ರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ವಲ್ಪ ಅಂದ್ರೆ ಒಂದು ಸಾವಿರ ವರ್ಷ.

ಕಲ್ಲಿನ ಮೇಲೆ ಕಟ್ಟಳೆ

ಹಾನಗಲ್ಲಿಗೆ ಹಳೇ ಶಾಸನಗಳಲ್ಲಿ ಪಾನುಂಗಲ್ ಅಂತ ಹೆಸರು. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕದಂಬರ ಒಂದು ಶಾಖೆ ಇಲ್ಲಿಂದ ಆಳಿತು. ತಾರಕೇಶ್ವರ ಗುಡಿ ನೋಡಿದವರಿಗೆ ಆ ಕಾಲದ ವೈಭವ ಗೊತ್ತು. ಆ ಕಾಲದ ದಾನಶಾಸನಗಳನ್ನ ಗಮನಿಸಿ. ಇಷ್ಟು ಮತ್ತರು, ಇಷ್ಟು ಕಮ್ಮ ಭೂಮಿ ಅಂತ ಅಳತೆ ಇರುತ್ತೆ. ಯಾವ ‘ಗಳೆ’ಯಿಂದ, ಅಂದ್ರೆ ಯಾವ ಅಳತೆಗೋಲಿನಿಂದ ಅಳೆದಿದ್ದು ಅಂತ ಎಷ್ಟೋ ಕಡೆ ಹೇಳಿರುತ್ತೆ, ಯಾಕಂದ್ರೆ ಒಂದೊಂದು ಸೀಮೆಗೆ ಒಂದೊಂದು ಗಳೆ. ದಕ್ಷಿಣ ಭಾರತದ ಕೆಲವು ಗುಡಿಗಳ ಕಲ್ಲಿನಲ್ಲಿ ಅಳತೆಗೋಲಿನ ಉದ್ದವನ್ನೇ ಕೆತ್ತಿಟ್ಟಿದ್ದಾರೆ. ಅನುಮಾನ ಬಂದ್ರೆ ಯಾರು ಬೇಕಾದ್ರೂ ಹೋಗಿ ಕೋಲು ಹಿಡಿದು ನೋಡಬಹುದು. ಎಲ್ಲರ ಕಣ್ಣೆದುರಿಗೆ ಇರೋ, ಯಾರೂ ಗುಟ್ಟಾಗಿ ಬದಲಿಸೋಕಾಗದ ಒಂದು ಮೂಲ ಅಳತೆ. ಇವತ್ತು ಐಟಿಯವರು ‘ಬೇಸ್‌ಲೈನ್’ ಅನ್ನೋದು ಇದಕ್ಕೇ.

ಹಾಗಾದ್ರೆ ಇದನ್ನ ಕಾಯೋರು ಯಾರು? ಶಾಸನದ ಕೊನೆಗೆ ಬನ್ನಿ, ಅಲ್ಲಿ ಶಾಪ ಇರುತ್ತೆ. ಕೊಟ್ಟ ಭೂಮಿಯನ್ನ ಕಸಿದವನು ಅರವತ್ತು ಸಾವಿರ ವರ್ಷ ಮಲದಲ್ಲಿ ಹುಳುವಾಗಿ ಹುಟ್ಟಲಿ ಅನ್ನೋ ಥರದ್ದು. ಓದಿದ್ರೆ ನಗು ಬರಬಹುದು. ಆದ್ರೆ ಪೊಲೀಸು, ಕೋರ್ಟು, ಲಾಗ್‌ಫೈಲು ಯಾವುದೂ ಇವತ್ತಿನ ರೂಪದಲ್ಲಿ ಇಲ್ಲದ ಕಾಲದಲ್ಲಿ ಕಟ್ಟಳೆ ಕಾಯೋಕೆ ಜನರ ಭಯ, ಭಕ್ತಿಯೂ ಬೇಕಿತ್ತು. ಹುಳುವಾಗೋಕೆ ಹೆದರದೇ ಇರೋನ ಮುಂದೆ ಶಾಪ ಏನೂ ಮಾಡಲ್ಲ ಅನ್ನೋದು ಬೇರೆ ಮಾತು.

ಮುಂದೆ ಬ್ರಿಟಿಷರು ಬಂದ್ರು. ನಮ್ಮ ಭಾಗ ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಗೆ ಸೇರಿತು. ನಡುವೆ ಸವಣೂರು ಮಾತ್ರ ನವಾಬರ ಸಣ್ಣ ಸಂಸ್ಥಾನವಾಗಿ 1948ರವರೆಗೂ ಉಳಿಯಿತು. 1840ರ ದಶಕದಲ್ಲಿ ವಿಂಗೇಟ್ ಸಾಹೇಬನ ಉಸ್ತುವಾರಿಯಲ್ಲಿ ಧಾರವಾಡ ಸೀಮೆಯ ಸರ್ವೆ ನಡೀತು. 33 ಅಡಿ ಉದ್ದದ ಸರಪಳಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಇದ್ರೆ ಒಂದು ಗುಂಟೆ, 40 ಗುಂಟೆಗೆ ಒಂದು ಎಕರೆ. ಇವತ್ತಿಗೂ ನಾವು ಆಡೋದು ಇದೇ ಲೆಕ್ಕ. ಸರಪಳಿಗಿಂತ ಮುಖ್ಯವಾದ ಇನ್ನೊಂದು ಪದ್ಧತಿ ಆ ಸರ್ವೆಯಲ್ಲಿತ್ತು. ಒಬ್ಬ ಅಳೆದ ಹೊಲಗಳಲ್ಲಿ ಕೆಲವನ್ನ ಮೇಲಿನವರು ಮತ್ತೊಮ್ಮೆ ಅಳೆದು ತಾಳೆ ನೋಡೋರು. ಶಾಪ ಹಾಕಿ ಕೂರದೆ, ಹೋಗಿ ಪರೀಕ್ಷೆ ಮಾಡೋದು. ಈಗ ಇದಕ್ಕೆ ‘ಆಡಿಟ್’ ಅಂತೀವಿ.

ಪುಸ್ತಕ ಒಬ್ಬರ ಬಗಲಲ್ಲಿ

ಅಳತೆ ಸರಿಹೋಯ್ತು. ಆದ್ರೆ ಬರೆದಿಡೋ ಪುಸ್ತಕ? ಅದು ಊರ ಕುಲಕರ್ಣಿಯ ಮನೆಯಲ್ಲಿ. ಹಳೇ ಮೈಸೂರಿನ ಶಾನುಭೋಗರು ಇದ್ದಂಗೆ ನಮ್ಮ ಕಡೆ ಕುಲಕರ್ಣಿ, ತಂದೆಯಿಂದ ಮಗನಿಗೆ ಬರೋ ವತನ. ಮುಂಬೈ ಸರ್ಕಾರ 1950ರಲ್ಲಿ ಕಾನೂನು ಮಾಡಿ ಆ ವತನ ರದ್ದು ಮಾಡಿತು, ಸಂಬಳದ ತಲಾಠಿ ಬಂದ. ರಾಜ್ಯ ಒಂದಾದ ಮೇಲೆ 1964ರ ಭೂಕಂದಾಯ ಕಾಯ್ದೆ ಬಂತು. ಮುಂಬೈ, ಹೈದರಾಬಾದ್, ಮದ್ರಾಸ್, ಮೈಸೂರು, ಕೊಡಗು ಅಂತ ಹರಿದು ಹಂಚಿದ್ದ ಕಂದಾಯ ಪದ್ಧತಿಗಳಿಗೆ ಒಂದೇ ಕಾನೂನಾಯ್ತು.

ನಮೂನೆ ಒಂದಾಯ್ತು, ಪುಸ್ತಕ ಮಾತ್ರ ಇನ್ನೂ ಒಬ್ಬರ ಬಗಲಲ್ಲೇ ಇತ್ತು. ಪ್ರಾಮಾಣಿಕರು ಬೇಕಾದಷ್ಟು ಜನ ಇದ್ರು, ಅದರಲ್ಲಿ ಸಂಶಯ ಇಲ್ಲ. ಪ್ರಾಮಾಣಿಕ ಅಲ್ಲದವನು ಬಂದಾಗ ತಡೆಯೋರು ಯಾರೂ ಇರಲಿಲ್ಲ ಅನ್ನೋದೇ ಪ್ರಶ್ನೆ. ಒಂದು ಅಂಕಿ ತಿದ್ದಿದ್ರೆ ಯಾವ ತಾರೀಕು, ಯಾರ ಕೈ, ಯಾಕೆ ಅನ್ನೋದು ಮಸಿಯ ಬಣ್ಣ ನೋಡಿ ಊಹೆ ಮಾಡಬೇಕು.

ಕಂಪ್ಯೂಟರ್ ಬಂತು, ಕಟ್ಟಳೆ ಬರಲಿಲ್ಲ

1991ರಲ್ಲಿ ಕೇಂದ್ರದ ಹಣದಲ್ಲಿ ಆಗಿನ ಗುಲ್ಬರ್ಗ ಜಿಲ್ಲೆಯಲ್ಲಿ ಭೂದಾಖಲೆ ಗಣಕೀಕರಣದ ಪ್ರಯೋಗ ಶುರುವಾಯ್ತು. ಮುಂದೆ ಬೇರೆ ಜಿಲ್ಲೆಗಳಿಗೂ ಬಂತು. ಯಶಸ್ಸು ಸಿಗಲಿಲ್ಲ. ಯಾಕೆ ಅನ್ನೋದು ತುಂಬಾ ಸರಳ. ಪುಸ್ತಕ ತಿದ್ದುಪಡಿ ಆಗ್ತಿದ್ದದ್ದು ತಾಲ್ಲೂಕು, ಹಳ್ಳಿಗಳಲ್ಲಿ. ಅಲ್ಲಿ ಕಂಪ್ಯೂಟರೇ ಇರಲಿಲ್ಲ. ಟೈಪ್ ಮಾಡಿ ಮುಗಿಸೋ ಹೊತ್ತಿಗೆ ಯಾರದೋ ವಾಟ್ನಿ ಆಗಿರೋದು, ಯಾರೋ ಹೊಲ ಮಾರಿರೋರು. ಕಂಪ್ಯೂಟರಿನಲ್ಲಿ ಇರೋದು ಹಳೇ ಚಿತ್ರ, ನಿಜ ಇನ್ನೂ ಪುಸ್ತಕದಲ್ಲಿ. ಎರಡು ಸತ್ಯ ಇದ್ದಾಗ ಜನ ತಮಗೆ ಅನುಕೂಲವಾದ ಸತ್ಯ ಹಿಡ್ಕೊಳ್ತಾರೆ.

1997ರ ಆಗಸ್ಟ್ 24ಕ್ಕೆ ಧಾರವಾಡದಿಂದ ಬೇರೆಯಾಗಿ ಹಾವೇರಿ ಜಿಲ್ಲೆ ಆಯ್ತು. ನಮ್ಮ ನಾಲ್ಕೂ ತಾಲ್ಲೂಕು ಇದರೊಳಗೆ ಬಂದವು. ಅದಾಗಿ ಕೆಲವೇ ವರ್ಷಕ್ಕೆ ಬಂತು ‘ಭೂಮಿ’ ಯೋಜನೆ. ಕಂದಾಯ ಇಲಾಖೆಯಲ್ಲಿ ಇದನ್ನ ಮುನ್ನಡೆಸಿದವರು ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ, ತಂತ್ರಾಂಶ ಬರೆದದ್ದು ಎನ್‌ಐಸಿ. 2002ರ ಹೊತ್ತಿಗೆ ಆಗಿದ್ದ 177 ತಾಲ್ಲೂಕುಗಳಲ್ಲೂ ಕೌಂಟರ್ ತೆರೆದವು. ಸುಮಾರು 67 ಲಕ್ಷ ರೈತರ 2 ಕೋಟಿ ದಾಖಲೆ ಒಳಗೆ ಬಂದವು.

ನಾಲ್ಕು ಬೀಗ

ಎಲ್ಲರೂ ಭೂಮಿ ಅಂದ್ರೆ ‘ಕಂಪ್ಯೂಟರ್ ಉತಾರ’ ಅಂತಾರೆ. ನನಗೆ ಅನ್ನಿಸೋ ಪ್ರಕಾರ ನಿಜವಾದ ಬದಲಾವಣೆ ಪ್ರಿಂಟರಿನಲ್ಲಿ ಇರಲಿಲ್ಲ, ನಾಲ್ಕು ಬೀಗದಲ್ಲಿ ಇತ್ತು.

ಮೊದಲನೇ ಬೀಗ, ಬೆರಳು. ಕಂಪ್ಯೂಟರಿನಲ್ಲಿ ದಾಖಲೆ ಬದಲಿಸೋ ನೌಕರರು ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. ಪಾಸ್‌ವರ್ಡ್ ಆದ್ರೆ ಕಿವಿಯಲ್ಲಿ ಹೇಳಬಹುದು, ಬೆರಳು ಕಡ ಕೊಡೋಕೆ ಬರಲ್ಲ. ಯಾರು, ಯಾವಾಗ, ಏನು ಮಾಡಿದ್ರು ಅನ್ನೋದು ದಾಖಲಾಗ್ತಿತ್ತು. ನಾಳೆ “ನಾ ಮಾಡಿಲ್ರಿ” ಅನ್ನೋ ಹಂಗಿಲ್ಲ. ಸರ್ಕಾರಿ ಕಚೇರಿಯಲ್ಲಿ ಬೆರಳಚ್ಚಿನ ಲಾಗಿನ್, ಅದೂ ನಿಮ್ಮ ಫೋನಿಗೆ ಫಿಂಗರ್‌ಪ್ರಿಂಟ್ ಬರೋಕೆ ಹತ್ತು ವರ್ಷ ಮೊದಲೇ!

ಎರಡನೇದು, ಪಾಳಿ. ಹಕ್ಕು ಬದಲಾವಣೆಗೆ ಮೊದಲು ಬಂದ ಅರ್ಜಿ ಮೊದಲು. ಗೌಡರ ಅರ್ಜಿ ಮೇಲೆ, ಬಡವನ ಅರ್ಜಿ ಕೆಳಗೆ ಮಾಡೋಕೆ ತಂತ್ರಾಂಶ ಬಿಡ್ತಿರಲಿಲ್ಲ. ಅರ್ಜಿ ದಾಖಲಿಸೋರು ಒಬ್ಬರು, ಆದೇಶ ಮಾಡೋರು ಇನ್ನೊಬ್ಬರು. ಒಂದೇ ಕೈಯಲ್ಲಿ ಎಲ್ಲ ಕೀಲಿ ಇಲ್ಲ.

ಮೂರನೇದು, ಕಿಟಕಿಯ ಈಚೆಗೆ ಮುಖ ಮಾಡಿಟ್ಟ ಎರಡನೇ ಪರದೆ. ಆಪರೇಟರ್ ಏನು ಮಾಡ್ತಿದಾನೆ ಅಂತ ಪಾಳಿಯಲ್ಲಿ ನಿಂತ ರೈತನಿಗೂ ಕಾಣಬೇಕು ಅಂತ. ಗುಡಿಯ ಕಲ್ಲಿನ ಮೇಲಿನ ಅಳತೆಗೋಲು ನೆನಪಾಯ್ತಾ?

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ಟೈಪ್ ಮಾಡಿದ್ದನ್ನ ಗ್ರಾಮ ಲೆಕ್ಕಿಗರ ಕೈಯಲ್ಲೇ ತಾಳೆ ನೋಡಿಸಿ, ಒಂದು ತಾಲ್ಲೂಕು ಸಿದ್ಧವಾಯ್ತು ಅಂದ ಮೇಲೆ, ಆ ತಾಲ್ಲೂಕಿನಲ್ಲಿ ಕೈಬರಹದ ಉತಾರ ಕಾನೂನು ಪ್ರಕಾರ ಚಲಾವಣೆಯಲ್ಲಿ ಇಲ್ಲ ಅಂತ ಅಧಿಸೂಚನೆ ಹೊರಡಿಸಿದ್ರು. 1991ರ ಪ್ರಯೋಗ ಬಿದ್ದದ್ದು ಇಲ್ಲೇ. ಕಟ್ಟಳೆ ಎಷ್ಟೇ ಚೆನ್ನಾಗಿ ಬರೆದ್ರೂ ಪಕ್ಕದಲ್ಲಿ ಹಳೇ ದಾರಿ ತೆರೆದಿಟ್ರೆ ಎಲ್ಲರೂ ಹಳೇ ದಾರೀಲೇ ಹೋಗ್ತಾರೆ.

ಫಲ ಏನಾಯ್ತು? ಬೆಂಗಳೂರಿನ ಪಬ್ಲಿಕ್ ಅಫೇರ್ಸ್ ಸೆಂಟರ್ ಆಗ ಒಂದು ಸಮೀಕ್ಷೆ ಮಾಡಿತ್ತು. ಹಳೇ ಪದ್ಧತಿಯಲ್ಲಿ ಲಂಚ ಕೊಟ್ಟಿದ್ದೆವು ಅಂದವರು ನೂರಕ್ಕೆ 66 ಜನ, ಭೂಮಿ ಕೌಂಟರಿನಲ್ಲಿ ಕೊಟ್ಟೆವು ಅಂದವರು 3 ಜನ. ಹಾಗಂತ ಲಂಚವೇ ಮಾಯವಾಯ್ತು ಅನ್ನಬೇಡಿ. ಉತಾರದ ನಕಲಿಗೆ ಕೊಡೋದು ನಿಂತ್ರೂ ಹಕ್ಕು ಬದಲಾವಣೆಗೆ ಕೊಡೋದು ನಿಲ್ಲಲಿಲ್ಲ, ದಾಖಲೆ ಬೇಗ ಕೈಗೆ ಸಿಕ್ಕಿದ್ದು ದೊಡ್ಡವರಿಗೇ ಹೆಚ್ಚು ಅನುಕೂಲ ಆಯ್ತು ಅಂತ ಸಂಶೋಧಕರು ಬರೆದದ್ದೂ ಇದೆ.

ಬೀಗದ ಹೊರಗೆ ನಿಂತವನು

ಈಗ ಅಜ್ಜನ ಹತ್ರ ವಾಪಸ್ ಬರೋಣ. ಮಿಷಿನ್ ಯಾಕೆ ಬಿಡಲಿಲ್ಲ ಅಂತ ಈಗ ಗೊತ್ತಾಯ್ತಲ್ಲ? ಕೌಂಟರಿನ ಹುಡುಗನಿಗೆ ಪ್ರಿಂಟ್ ಕೊಡೋ ಅಧಿಕಾರ ಇತ್ತು, ಅಕ್ಷರ ಮುಟ್ಟೋ ಅಧಿಕಾರ ಇರಲಿಲ್ಲ. ಬೀಗ ಸರಿಯಾಗೇ ಕೆಲಸ ಮಾಡಿತ್ತು.

ತಿದ್ದೋಕೆ ಅರ್ಜಿ ಹಾಕಬೇಕು, ಹಳೇ ಪುಸ್ತಕದ ಜೊತೆ ತಾಳೆ ಆಗಬೇಕು, ಮೇಲಿನ ಆದೇಶ ಬರಬೇಕು ಅಂದ್ರು. ಬಿತ್ತನೆ ಮುಂಚೆ ಕೊಟ್ಟ ಅರ್ಜಿ, ಸುಗ್ಗಿ ಮುಗಿದ ಮೇಲೆ ಮುಗೀತು. ಯಾರ ಮೇಜಿನ ಮೇಲೆ ಇದೆ, ಎಷ್ಟು ದಿನ ಬೇಕು ಅಂತ ಕೇಳಿದ್ರೆ ಹೇಳೋರೇ ಇಲ್ಲ. ಸೊಸೈಟಿಯವರು “ಈ ಹೆಸರಿನ ಹೆಣ್ಮಗಳನ್ನ ಕರ್ಕೊಂಡ ಬರ್ರಿ” ಅಂತ ನಕ್ಕು ಕಳಿಸಿದ್ರು. ಅಜ್ಜ ಬಡ್ಡಿ ಸಾಲ ತಂದು ಬೀಜ ಗೊಬ್ಬರ ತಂದ. ಬಡ್ಡಿ ತೀರಿಸೋಕೆ ಜೋಡಿ ಎತ್ತಿನಲ್ಲಿ ಒಂದನ್ನ ಮಾರಿದ. ಉಳಿದ ಒಂದು ಎತ್ತು ಆಮೇಲೆ ಎಷ್ಟೋ ದಿನ ಖಾಲಿ ಗೂಟದ ಕಡೆ ತಿರುಗಿ ನಿಲ್ಲೋದು, ನನಗೆ ಇನ್ನೂ ನೆನಪಿದೆ.

ನಾನು ಆ ಕೌಂಟರಿನ ಹುಡುಗನನ್ನ ಬೈದಾಗ ಅಜ್ಜ ಹೇಳಿದ್ದು: “ಅಂವಗ ಯಾಕ ಬೈತಿ? ಇವತ್ತ ನನಗ ಒಂದಕ್ಷರ ತಿದ್ದಿ ಕೊಟ್ಟಾಂವ, ನಾಳೆ ಇನ್ನೊಬ್ಬಂಗ ನನ್ನ ಹೊಲಾನ ತಿದ್ದಿ ಕೊಡ್ತಾನ. ಕೀಲಿ ಹಾಕಿದ್ದು ಬರೋಬ್ಬರಿ ಐತಿ. ಆದ್ರ ಮನಿಗೆ ಕೀಲಿ ಹಾಕೂಮುಂದ ಒಳಗ ಯಾರರ ಉಳದಾರೇನು ಅಂತ ಒಮ್ಮೆ ಕೂಗಿ ನೋಡಬೇಕಲ್ಲೋ.”

ಸೆಕ್ಯೂರಿಟಿ ಬಗ್ಗೆ ಆಮೇಲೆ ಎಷ್ಟೋ ಓದಿದೀನಿ. ಇದಕ್ಕಿಂತ ಚೆನ್ನಾಗಿ ಹೇಳಿದ್ದು ನನಗೆ ಸಿಕ್ಕಿಲ್ಲ.

ಮಾನಿಟರಿಗೆ ಅಂಟಿಸಿದ ಚೀಟಿ

ಡಿಗ್ರಿ ಮುಗಿಸಿ ನಾನು ಒಂದು ಕಚೇರಿಯಲ್ಲಿ ಡೇಟಾ ಎಂಟ್ರಿ ಕೆಲಸಕ್ಕೆ ಸೇರಿದೆ, ತಾತ್ಕಾಲಿಕ. ಹೆಸರು ಬೇಡ. ಅಲ್ಲಿ ಗೋಡೆ ಮೇಲೆ ಹನ್ನೆರಡು ಅಂಶದ ‘ಭದ್ರತಾ ನಿಯಮ’ ಲ್ಯಾಮಿನೇಟ್ ಮಾಡಿ ನೇತು ಹಾಕಿದ್ರು. ಅದರ ಕೆಳಗಿನ ಮಾನಿಟರಿಗೆ ಪಾಸ್‌ವರ್ಡಿನ ಚೀಟಿ ಅಂಟಿಸಿತ್ತು. ಐದು ಜನಕ್ಕೆ ಒಂದೇ ಲಾಗಿನ್. ಸಿಸ್ಟಮ್ ಸ್ಲೋ ಆಗುತ್ತೆ ಅಂತ ಆ್ಯಂಟಿವೈರಸ್ ಆಫ್.

ನನಗೆ ಮೊದಲು ನಗು ಬಂತು, ಆಮೇಲೆ ಅರ್ಥ ಆಯ್ತು. ಅವರು ಸೋಮಾರಿಗಳಲ್ಲ. ಸಹೋದ್ಯೋಗಿ ರಜೆ ಹಾಕಿದ ದಿನ ಅವರ ಕೆಲಸ ಇನ್ನೊಬ್ಬರಿಗೆ ಒಪ್ಪಿಸೋಕೆ ನಿಯಮದಲ್ಲಿ ದಾರಿಯೇ ಇರಲಿಲ್ಲ. ಹೊರಗೆ ಜನ ನಿಂತಿರ್ತಾರೆ, ಕೆಲಸ ನಿಲ್ಲಿಸೋ ಹಂಗಿಲ್ಲ. ಹಾಗಾಗಿ ಚೀಟಿ. ನಿಯಮ ಮಾಡಿದವರು ಮುಂಬಾಗಿಲಿನಲ್ಲಿ ಸರಿಯಾದ ಕಿಂಡಿ ಇಡದೇ ಹೋದ್ರೆ, ಕೆಲಸ ಮಾಡೋರು ಹಿತ್ತಲ ಬಾಗಿಲು ತೆಗೀತಾರೆ. ಕಳ್ಳ ಬರೋದೂ ಅದೇ ಬಾಗಿಲಲ್ಲಿ.

ಇದು ನಮ್ಮ ಊರಿನ ರೋಗ ಅಷ್ಟೇ ಅಲ್ಲ. 2017ರ ಮೇ 12ಕ್ಕೆ ‘ವಾನ್ನಕ್ರೈ’ ಅನ್ನೋ ವೈರಸ್ 150ಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳಿಗೆ ಬೀಗ ಹಾಕಿ ದುಡ್ಡು ಕೇಳಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ ಆಪರೇಷನ್‌ಗಳೇ ನಿಂತವು. ವೈರಸ್ ನುಗ್ಗಿದ ತೂತಿಗೆ ಮೈಕ್ರೋಸಾಫ್ಟ್ ಮಾರ್ಚ್ 14ಕ್ಕೇ ತೇಪೆ ಕೊಟ್ಟಿತ್ತು! ಆಸ್ಪತ್ರೆಗಳಿಗೆ ಎಚ್ಚರಿಕೆಯೂ ಹೋಗಿತ್ತು. ಅಲ್ಲಿನ ಲೆಕ್ಕಪರಿಶೋಧಕರು ಆಮೇಲೆ ವರದಿಯಲ್ಲಿ ಹೇಳಿದ ಮುಖ್ಯ ಮಾತು ಏನಂದ್ರೆ, ಹೇಳಿದ್ದನ್ನ ಆಸ್ಪತ್ರೆಗಳು ಮಾಡಿದವಾ ಇಲ್ಲವಾ ಅಂತ ನೋಡೋ ವ್ಯವಸ್ಥೆಯೇ ಇಲಾಖೆಯಲ್ಲಿ ಇರಲಿಲ್ಲ. ಸುತ್ತೋಲೆ ಇತ್ತು, ಹೋಗಿ ನೋಡೋರು ಇರಲಿಲ್ಲ. ವಿಂಗೇಟನ ಕಾಲದಲ್ಲಿ ಹೊಲಕ್ಕೆ ಹೋಗಿ ಮರುಅಳತೆ ಮಾಡ್ತಿದ್ದರಲ್ಲ, ಅದು ಇಲ್ಲಿ ತಪ್ಪಿತ್ತು.

ನಮ್ಮಲ್ಲಿ 2022ರ ಏಪ್ರಿಲ್ 28ಕ್ಕೆ ‘ಸರ್ಟ್-ಇನ್’ ಸಂಸ್ಥೆ ದೇಶಕ್ಕೆಲ್ಲ ಒಂದು ನಿರ್ದೇಶನ ಕೊಟ್ಟಿತು. ಸೈಬರ್ ದಾಳಿ ಗಮನಕ್ಕೆ ಬಂದ 6 ಗಂಟೆ ಒಳಗೆ ವರದಿ ಮಾಡಬೇಕು. 180 ದಿನದ ಲಾಗ್ ಇಟ್ಟಿರಬೇಕು. ಎಲ್ಲ ಕಂಪ್ಯೂಟರುಗಳ ಗಡಿಯಾರ ಒಂದೇ ಮೂಲ ಗಡಿಯಾರಕ್ಕೆ ಹೊಂದಿರಬೇಕು. ಗಡಿಯಾರ ಯಾಕೆ ಅಂತೀರಾ? ಹಾನಗಲ್ಲಿನ ಕಂಪ್ಯೂಟರ್ ಹತ್ತು ನಿಮಿಷ ಮುಂದೆ, ಬೆಂಗಳೂರಿನ ಸರ್ವರ್ ಐದು ನಿಮಿಷ ಹಿಂದೆ ಇದ್ರೆ, ಯಾರು ಮೊದಲು ಯಾರು ಆಮೇಲೆ ಅನ್ನೋದೇ ಸುಳ್ಳಾಗುತ್ತೆ. ಒಂದೊಂದು ಊರಿಗೆ ಒಂದೊಂದು ಗಳೆ ಇದ್ದಂಗೆ.

ಬೀಗವೇ ಕೀಲಿಯಾದಾಗ

ಕಥೆಗೆ ಇನ್ನೊಂದು ತಿರುವು ಇದೆ. 2023ರಲ್ಲಿ ಮಂಗಳೂರು, ಬೆಂಗಳೂರುಗಳಲ್ಲಿ ಕೆಲವರ ಬ್ಯಾಂಕ್ ಖಾತೆಯಿಂದ ದುಡ್ಡು ಹೋಯ್ತು. ಒಟಿಪಿ ಬಂದಿಲ್ಲ, ಪಿನ್ ಕೊಟ್ಟಿಲ್ಲ. ಆಧಾರ್ ಮತ್ತು ಬೆರಳಚ್ಚಿನಿಂದ ಹಣ ತೆಗೆಯೋ ವ್ಯವಸ್ಥೆ ಇದೆಯಲ್ಲ, ಅದರಿಂದ ಹೋಗಿತ್ತು. ಬೆರಳಚ್ಚು ಎಲ್ಲಿಂದ ಸಿಕ್ಕಿತು ಅಂತ ನೋಡಿದ್ರೆ, ಆನ್‌ಲೈನಿನಲ್ಲಿ ಸಿಗ್ತಿದ್ದ ಆಸ್ತಿ ನೋಂದಣಿ ಪತ್ರಗಳ ನಕಲಿನಿಂದ. ಅದರಲ್ಲಿ ಹೆಬ್ಬೆಟ್ಟಿನ ಗುರುತೂ ಇತ್ತು, ಆಧಾರ್ ಸಂಖ್ಯೆಯೂ ಇತ್ತು. ಆಮೇಲೆ ನೋಂದಣಿ ಇಲಾಖೆ ನಕಲುಗಳಲ್ಲಿ ಬೆರಳಚ್ಚು ಮರೆಮಾಡೋ ಕ್ರಮ ತಗೊಂಡಿತು.

ಬೆರಳು ಕಡ ಕೊಡೋಕೆ ಬರಲ್ಲ ಅಂತ ನಾನೇ ಹೇಳಿದ್ದೆ, ಅಲ್ವಾ? ಕಡ ಕೊಡೋಕೆ ಬರಲ್ಲ, ನಕಲು ಮಾಡೋಕೆ ಬರುತ್ತೆ. 2002ರಲ್ಲಿ ಒಳ್ಳೇ ಬೀಗ ಆಗಿದ್ದದ್ದು 2023ರಲ್ಲಿ ಕಳ್ಳನ ಕೀಲಿ ಆಯ್ತು. ಪಾಸ್‌ವರ್ಡ್ ಹೋದ್ರೆ ಬದಲಿಸಬಹುದು, ಹೆಬ್ಬೆಟ್ಟು ಬದಲಿಸೋಕಾಗಲ್ಲ. ಅದಕ್ಕೇ ಕಟ್ಟಳೆಯನ್ನ ಒಮ್ಮೆ ಬರೆದು ಕೈ ತೊಳೆದುಕೊಳ್ಳೋಕೆ ಬರಲ್ಲ. ಆಗಾಗ ಕೂತು, ಈ ಬೀಗ ಇನ್ನೂ ಬೀಗ ಹೌದಾ ಅಂತ ಕೇಳ್ತಾ ಇರಬೇಕು. ನೀವು ಈಗ ಮಾಡಬಹುದಾದ್ದು ಒಂದಿದೆ. ಆಧಾರಿಗೆ ಬಯೋಮೆಟ್ರಿಕ್ ಲಾಕ್ ಅಂತ ಇರುತ್ತೆ, ಅದನ್ನ ಆನ್ ಮಾಡಿ. ಮನೆಯಲ್ಲಿ ಅಪ್ಪ ಅವ್ವನ ಆಧಾರಿಗೂ ಮಾಡಿಕೊಡಿ. ಬೇಕಾದಾಗ ತೆಗೆಯೋದು ಹೇಗೆ ಅಂತಾನೂ ಅವರಿಗೆ ಹೇಳಿಕೊಡಿ, ಮರೀಬೇಡಿ.

ಕೇಳ್ತಿರೋ ನಿಮ್ಮಲ್ಲಿ ಎಷ್ಟೋ ಜನ ನಾಳೆ ಗ್ರಾಮ ಒನ್ ಕೇಂದ್ರದಲ್ಲೋ, ಪಂಚಾಯಿತಿಯಲ್ಲೋ, ಬ್ಯಾಂಕಿನಲ್ಲೋ ಕಂಪ್ಯೂಟರ್ ಮುಂದೆ ಕೂರೋರು. ಆಗ ನಿಯಮದ ಹಾಳೆ ಕೈಗೆ ಬಂದ್ರೆ ಎರಡೇ ಪ್ರಶ್ನೆ ಕೇಳಿ. ಇದನ್ನ ಪಾಲಿಸ್ತಿದೀವಾ ಅಂತ ನೋಡೋರು ಯಾರು? ನಿಯಮದಿಂದಲೇ ಒಬ್ಬರಿಗೆ ಅನ್ಯಾಯ ಆದ್ರೆ ಅವರು ಯಾರ ಹತ್ರ ಹೋಗಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗುತ್ತೆ?

ಅಜ್ಜ ಈಗ ಇಲ್ಲ. ಹೋದ ವಾರ ಫೋನಿನಲ್ಲಿ ಭೂಮಿ ವೆಬ್‌ಸೈಟ್ ತೆಗೆದು ನಮ್ಮ ಸರ್ವೆ ನಂಬರ್ ಹಾಕಿದೆ. ಕೆಲವೇ ಸೆಕೆಂಡಿನಲ್ಲಿ ಉತಾರ ಬಂತು. ವಾರಸಾ ಆಗಿ ಅಪ್ಪನ ಹೆಸರು ಬಂದಿದೆ. ನಾನು ಮೊದಲು ನೋಡಿದ್ದು ಹೆಸರಿನ ಕೊನೇ ಅಕ್ಷರ. ‘ಪ್ಪ’ ಅಂತಲೇ ಇತ್ತು.

ನಿಮ್ಮ ಮನೆ ಉತಾರದಲ್ಲಿ ಹೆಸರು ಸರಿ ಇದೆಯಾ? ಇವತ್ತೇ ಒಮ್ಮೆ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.